ಎರಡೂವರೆಗೆ ಬಂದ ಅಜ್ಜಿ

ಆ ಕಿಟಕಿ ಹಾಕಿ ಬನ್ನಿ... ಹೇಳ್ತೀನಿ. ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ಮನೆಯಲ್ಲಿ ಅವನನ್ನ ಗಡಿಯಾರ ಅಂತ ಕರೀತೀವಿ. ಒಂದು ದಿನವೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದವನಲ್ಲ, ಅದಕ್ಕೆ.

ಅವತ್ತು ಕೆಲಸ ಮುಗಿಸಿ ನಡೆದು ಬರ್ತಿದ್ದಾಗ ನಡುರಾತ್ರಿ ದಾಟಿತ್ತು. ಕಣ್ಣಾಸ್ಪತ್ರೆಯ ಹಿಂದಿನ ಗೇಟು, ಪಕ್ಕದಲ್ಲಿ ಹಳೇ ಬಾವಿ. ಆ ದಾರಿ ಬೇಡ ಅಂದುಕೊಂಡರೂ ಕಾಲು ಅತ್ತಲೇ ಎಳೀತು. ಯಾಕೆ ಬೇಡ ಅಂದರೆ...

ಆ ಆಸ್ಪತ್ರೆಗೆ ಪ್ರೋಗ್ರಾಂ ಬರೆದವನು ಅವನೇ. ಯಾವ ರೋಗಿ ಯಾವತ್ತು, ಎಷ್ಟು ಹೊತ್ತಿಗೆ ಬರಬೇಕು ಅನ್ನೋದು ಡೇಟಾಬೇಸಿನಲ್ಲಿ ಇರುತ್ತೆ. ಅದನ್ನ ಓದಿ ಮೊಬೈಲಿಗೆ ಮೆಸೇಜು ಕಳಿಸೋದು ಇವನ ಕೋಡು. ಇಪ್ಪತ್ನಾಲ್ಕು ಗಂಟೆ ಲೆಕ್ಕ ಬೇಕಾದರೆ ಆ ಕೋಡಿನಲ್ಲಿ ಇಂಗ್ಲಿಷಿನ ದೊಡ್ಡ ಎಚ್ ಹಾಕಬೇಕಂತೆ. ಇವನು ಸಣ್ಣ ಎಚ್ ಹಾಕಿದ್ದ. ಮೆಸೇಜಿನಲ್ಲಿ ಹದಿನಾಲ್ಕು ಮೂವತ್ತು, ಅಂದರೆ ಮಧ್ಯಾಹ್ನ ಎರಡೂವರೆ, ಅಂತ ಬರಬೇಕಾದದ್ದು ಬರೀ ಎರಡು ಮೂವತ್ತು ಅಂತ ಹೋಯ್ತು. ಇಪ್ಪತ್ನಾಲ್ಕು ಗಂಟೆ ಲೆಕ್ಕದಲ್ಲಿ ಅದು ರಾತ್ರಿ ಹೊತ್ತು. ಮಿಕ್ಕವರೆಲ್ಲ ಮಧ್ಯಾಹ್ನ ಇರಬೇಕು ಅಂತ ಊಹಿಸಿ ಬಂದರು. ಒಬ್ಬಳು ಅಜ್ಜಿ ಮಾತ್ರ ಬರೆದದ್ದನ್ನ ಹಾಗೇ ನಂಬಿ ರಾತ್ರಿ ಎರಡೂವರೆಗೆ ಬಂದಳು. ಗೇಟು ಹಾಕಿತ್ತು. ಕೊರೆಯೋ ಚಳಿ. ಬಾವಿಕಟ್ಟೆ ಮೇಲೆ ಕೂತವಳು ಬೆಳಗ್ಗೆ ಏಳಲಿಲ್ಲ.

ಹೇಗಾಯ್ತು ಅಂತ ಡಾಕ್ಟರು ಎಲ್ಲರನ್ನೂ ಕೂರಿಸಿಕೊಂಡು ಕೇಳಿದರು. "ರಿಸೆಪ್ಷನ್ ಹುಡುಗಿ ತಪ್ಪು ಟೈಪ್ ಮಾಡಿರಬೇಕು" ಅಂದರು ಯಾರೋ. ತಪ್ಪು ತನ್ನದು ಅಂತ ಗೊತ್ತಿದ್ದೂ ಇವನು ಮುಚ್ಚಿಟ್ಟ. ಹುಡುಗಿಯ ಕೆಲಸ ಹೋಯ್ತು. ಸಂಜೆ ಇವನು ಯಾರಿಗೂ ಗೊತ್ತಾಗದ ಹಾಗೆ ಆ ಒಂದಕ್ಷರ ತಿದ್ದಿದ.

ಅದಾಗಿ ಕೆಲವು ದಿನಕ್ಕೆ, ಆ ನಡುರಾತ್ರಿ ಬಾವಿ ಹತ್ತಿರ ಬಂದ... ಟಕ್. ಟಕ್. ಕಲ್ಲಿಗೆ ಕೋಲು ಕುಟ್ಟಿದ ಸದ್ದು. ಆಮೇಲೆ ಒಣಕೆಮ್ಮು. ಕಟ್ಟೆ ಮೇಲೆ ಒಬ್ಬಳು ಅಜ್ಜಿ.

"ಅಪ್ಪಾ... ಬಾಗಿಲು ತೆಗೆದ್ರಾ?"

"ಇನ್ನೂ ಇಲ್ಲ" ಅಂದನಂತೆ, ಪಿಸುದನಿಯಲ್ಲಿ.

"ನಂದೇ ತಪ್ಪು ಕಣಪ್ಪಾ. ಕಣ್ಣು ಮಂಜು ನೋಡು... ಸರಿಯಾಗಿ ಓದ್ಲಿಲ್ವೇನೋ."

ಬೈದಿದ್ರೆ ಓಡಿಬಿಡ್ತಿದ್ದೆ ಕಣೋ, ಅಂದ ನನ್ನ ಹತ್ರ. ಅವಳು ಬೈಲಿಲ್ಲ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡ್ತಿದ್ದ.

"ಸರಿಯಾಗೇ ಓದಿದ್ರಿ, ಅಜ್ಜಿ. ತಪ್ಪು ಬರೆದವನು ನಾನು."

ಕೋಲು ಮತ್ತೊಮ್ಮೆ ಕುಟ್ಟಿತು... "ಹಾಗಂತ ಕೆಲಸ ಕಳಕೊಂಡ ಆ ಮಗೂಗೆ ಹೇಳಿದ್ಯಾ?"

ಇವನು ತಲೆ ತಗ್ಗಿಸಿದ. ಎತ್ತಿದಾಗ ಕಟ್ಟೆ ಮೇಲೆ ಯಾರೂ ಇಲ್ಲ.

ಬೆಳಗ್ಗೆ ಹೋಗಿ ಡಾಕ್ಟರ ಮುಂದೆ ಎಲ್ಲ ಹೇಳಿದ. "ಇಷ್ಟು ದಿನ ಬಾಯಲ್ಲಿ ಏನಿತ್ತು?" ಅಂದರು ಅವರು, ಅಷ್ಟೇ. ಸಂಜೆ ಹುಡುಗಿಯ ಮನೆ ಹುಡುಕಿಕೊಂಡು ಹೋದ. ಅವಳು ಬಾಗಿಲು ತೆಗೆದಳು. ಇವನಿನ್ನೂ ಬಾಯಿ ಬಿಟ್ಟಿರಲಿಲ್ಲ.

"ಗೊತ್ತು. ಒಳಗೆ ಬನ್ನಿ."

"ಡಾಕ್ಟರು ಹೇಳಿದ್ರಾ?"

"ಇಲ್ಲ. ಮಧ್ಯಾಹ್ನ ಒಬ್ರು ಅಜ್ಜಿ ಬಂದಿದ್ರು. ನೀವು ಬರ್ತೀರಂತೆ, ಹೊರಗೆ ನಿಲ್ಲಿಸ್ಬೇಡ ಅಂದ್ರು."

ಆಸ್ಪತ್ರೆಯವರು ಆಮೇಲೆ ಅವಳನ್ನ ವಾಪಸ್ ಕರೆದರು. ಅವಳು ಹೋಗಲಿಲ್ಲ. ಇವನು ಇವತ್ತಿಗೂ ಅವಳೆದುರು ಮುಖ ಎತ್ತಿ ಮಾತಾಡಲ್ಲ.

ಕಟ್ಟುಕತೆ ಅಲ್ಲ ಇದು. ನಾನೇ ಅವಳನ್ನ ಕೇಳಿದ್ದೀನಿ. ಹೌದು, ಬಂದಿದ್ರು ಅಂದಳು. ನೀರು ಕೇಳಿದರಂತೆ. ಕುಡಿದು, ಲೋಟ ತೊಳೆದು, ಬೋರಲು ಹಾಕಿ ಹೋದರಂತೆ.