ಐವರ್ ಡ್ರೈಸ್‌ಡೇಲ್ ಅವರ ಗಾಳಿ ಬಂದೂಕು ಮತ್ತು ಅದರ ಸದ್ದಡಗಿಸುವ ಕೊಳವೆ

ಹೆಸರು: ಲಾರ್ನಾ ಟಕ್‌ವೆಲ್. ವಯಸ್ಸು: 74 ವರ್ಷ. ವೃತ್ತಿ: ನಿವೃತ್ತ ಇತಿಹಾಸ ಶಿಕ್ಷಕಿ. ವಾಸ: ಕ್ರೀಕ್ ರಸ್ತೆ, ವಾಟಲ್ ಗ್ಯಾಪ್, ನ್ಯೂ ಸೌತ್ ವೇಲ್ಸ್.

ನನ್ನ ನೆರೆಯವರಾದ ಐವರ್ ಡ್ರೈಸ್‌ಡೇಲ್ ಅವರ ಬಂದೂಕನ್ನು ಪೊಲೀಸರು ವಶಪಡಿಸಿಕೊಂಡಾಗ ನಾನು ಅಲ್ಲಿಯೇ ಇದ್ದೆ. ಅಂದು ಕಂಡದ್ದನ್ನೂ ಕೇಳಿದ್ದನ್ನೂ, ಅದಕ್ಕೆ ಮೊದಲು ನನಗೆ ತಿಳಿದಿದ್ದನ್ನೂ ನನ್ನ ಇಚ್ಛೆಯಿಂದಲೇ ಬರೆಸುತ್ತಿರುವುದೇನೆಂದರೆ:

ಐವರ್ ಅವರಿಗೆ 71 ವರ್ಷ. ಅವರ ಹೆಂಡತಿ ನೋಲಾ ಅವರಿಗೆ 70. ಇಬ್ಬರೂ ನ್ಯೂಜಿಲೆಂಡಿನ ದಕ್ಷಿಣ ಭಾಗದವರು. ಹದಿನಾಲ್ಕು ವರ್ಷಗಳ ಹಿಂದೆ ಇಲ್ಲಿ ಅರವತ್ತು ಎಕರೆ ಕೊಂಡು ಕುರಿ ಸಾಕಿದರು. ಅವರ ಮನೆಗೂ ನನ್ನ ಮನೆಗೂ ನಡುವೆ ನಾನೂರು ಮೀಟರ್ ಅಂತರ, ಒಂದು ಬೇಲಿ, ಒಂದು ತೊರೆ.

ಅವರಿಗೆ ರಾಸ್ ಎಂಬ ಒಬ್ಬನೇ ಮಗನಿದ್ದ. 1988ರಲ್ಲಿ, ನ್ಯೂಜಿಲೆಂಡಿನ ಅವರ ಹಳೆಯ ಮನೆಯ ಹಿಂದೆ, ಮೊಲ ಹೊಡೆಯಲು ಹೋಗಿ ಬೇಲಿ ದಾಟುವಾಗ ಕೈಯಲ್ಲಿದ್ದ ಬಂದೂಕು ಸಿಡಿದು ಸತ್ತ. ಆಗ ಅವನಿಗೆ ಹತ್ತೊಂಬತ್ತು ವರ್ಷ. ಆ ಗುಂಡಿನ ಸದ್ದನ್ನು ನೋಲಾ ಅಡುಗೆಮನೆಯಿಂದ ಕೇಳಿದ್ದರು. ಇದನ್ನು ನೆನಪು ಚೆನ್ನಾಗಿದ್ದ ಕಾಲದಲ್ಲಿ ಅವರೇ ನನಗೆ ಹೇಳಿದ್ದಾರೆ.

ನಾಲ್ಕು ವರ್ಷಗಳಿಂದ ನೋಲಾ ಅವರಿಗೆ ಮರೆವಿನ ಕಾಯಿಲೆ. ಮಗ ಸತ್ತಿದ್ದನ್ನು ಅವರು ಮರೆತಿದ್ದಾರೆ. ಗುಂಡಿನ ಸದ್ದು ಕೇಳಿದರೆ ಮಾತ್ರ ಕೈಯಲ್ಲಿದ್ದದ್ದನ್ನು ಬಿಟ್ಟು ರಾಸ್ ಎಲ್ಲಿ ಎಂದು ಕೇಳುತ್ತಾರೆ. ಐವರ್ ನಿಜ ಹೇಳುತ್ತಾರೆ. ಪ್ರತಿ ಸಲವೂ ಅದು ನೋಲಾಗೆ ಮೊದಲ ಸಲ ಬಂದ ಸುದ್ದಿ. ಪಟ್ಟಣಕ್ಕೆ ಹೋಗಿದ್ದಾನೆ ಎಂದು ಹೇಳಬಾರದೇ ಎಂದು ನಾನು ಒಮ್ಮೆ ಐವರ್ ಅವರನ್ನು ಕೇಳಿದ್ದೆ. ಅವರು, "ಹೇಳಿ ನೋಡಿದೀನಿ ಲಾರ್ನಾ. ನಂಬ್ತಾಳೆ. ನಂಬಿ, ಊಟ ಎತ್ತಿಟ್ಟು ಬಾಗಿಲಲ್ಲಿ ಕೂತ್ಕೋತಾಳೆ. ಅದನ್ನ ನೋಡೋಕಾಗಲ್ಲ" ಎಂದರು.

ಹಾಗಾದರೆ ಬಂದೂಕನ್ನೇ ಬಿಡಬಹುದಿತ್ತಲ್ಲ ಎಂದು ಇಲ್ಲಿ ಯಾರಾದರೂ ಕೇಳಬಹುದು. ನಮ್ಮ ಕಡೆ ಭೂಮಿ ಇದ್ದವರು, ಮೇವನ್ನೆಲ್ಲ ತಿಂದು ಹಾಳುಮಾಡುವ ಮೊಲಗಳನ್ನು ಹತೋಟಿಯಲ್ಲಿ ಇಡಲೇಬೇಕೆಂಬುದು ಕಾನೂನು. ಐವರ್ ಅವರಿಗೆ ಅದರ ನೋಟಿಸೂ ಬಂದಿತ್ತು. ವಿಷ ಇಟ್ಟರು, ಅವರ ನಾಯಿಯೇ ತಿಂದು ಸತ್ತಿತು. ಬೋನು ಇಟ್ಟರು, ಸಿಕ್ಕಿಬಿದ್ದ ಮೊಲ ಎಳೆಮಗುವಿನಂತೆ ಕಿರುಚಿತು, ನೋಲಾ ಮಗುವನ್ನು ಹುಡುಕುತ್ತಾ ಹೊಲಕ್ಕಿಳಿದರು. ಆಮೇಲೆ ಐವರ್ ಮದ್ದಿನ ಬಂದೂಕನ್ನು ಮಾರಿ, ಪರವಾನಗಿ ಪಡೆದು ಗಾಳಿ ಬಂದೂಕು ಕೊಂಡರು. ಅದೂ ಚಾಟಿ ಬೀಸಿದಂತೆ ಸದ್ದು ಮಾಡುತ್ತಿತ್ತು. ಅವರು ಮೊದಲು ಹಾಲಿನ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡಿದವರು. ಮೂರು ವರ್ಷಗಳ ಹಿಂದೆ ತಮ್ಮ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಕೊಳವೆಯೊಂದನ್ನು ಕಡೆದು ಬಂದೂಕಿನ ಬಾಯಿಗೆ ಕೂರಿಸಿದರು. ಆಮೇಲೆ ನನ್ನ ಮನೆಗೆ ಒಂದು ಸದ್ದೂ ಕೇಳಿಸಿಲ್ಲ. ನೋಲಾ ಅವರಿಗೂ ಕೇಳಿಸಿರಲಿಲ್ಲ.

ಆ ಕೊಳವೆಯನ್ನು ಅವರು ಬಚ್ಚಿಟ್ಟವರಲ್ಲ. ತಮ್ಮ ಊರಿನಲ್ಲಿ ಅಂಥವನ್ನು ಅಂಗಡಿಯಲ್ಲಿ ನಾಯಿ ಬಿಸ್ಕತ್ತಿನ ಪಕ್ಕದಲ್ಲೇ ತೂಗುಹಾಕಿರುತ್ತಾರೆ, ಹಾಕಿಕೊಳ್ಳದೆ ಗುಂಡು ಹೊಡೆಯುವವನನ್ನು ನೆರೆಹೊರೆಯ ಮರ್ಯಾದೆ ತಿಳಿಯದವನು ಎನ್ನುತ್ತಾರೆ ಎಂದು ನನಗೆ ಹೇಳಿದ್ದರು. ನಿಮ್ಮ ದೇಶದಲ್ಲಿ ಹಾವಿಗೂ ವಿಷ, ಜೇಡಕ್ಕೂ ವಿಷ, ಸಾಧುವಾದ ಮೊಲವನ್ನು ಮಾತ್ರ ಕೊಲ್ಲಿಸುತ್ತೀರಿ ಎಂದು ಅವರು ಅಣಕಿಸಿದರೆ, ಮೊಲವೂ ನಿಮ್ಮ ಹಾಗೆ ಹೊರಗಿನಿಂದ ಬಂದದ್ದೇ ಎಂದು ನಾನು ಹೇಳುತ್ತಿದ್ದೆ. ಗಾಳಿ ಬಂದೂಕಿಗೆ ಪರವಾನಗಿ ಬೇಕೆಂದು ಅವರಿಗೆ ಗೊತ್ತಿತ್ತು. ಸದ್ದು ತಗ್ಗಿಸುವ ಕೊಳವೆ ಈ ರಾಜ್ಯದಲ್ಲಿ ನಿಷೇಧಿತ ಆಯುಧವೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಕಾಯ್ದೆಯನ್ನು ತರಿಸಿ ಓದಿದ್ದೇನೆ.

ನಾನು ಬಂದೂಕಿನ ಪರವಾಗಿ ಮಾತಾಡುವವಳಲ್ಲ ಎಂಬುದನ್ನು ದಾಖಲಿಸಬೇಕು. 1996ರಲ್ಲಿ ಒಬ್ಬ ಬಂದೂಕುಧಾರಿ ಮೂವತ್ತೈದು ಜನರನ್ನು ಕೊಂದ ಮೇಲೆ ಸರ್ಕಾರ ಜನರಿಂದ ಬಂದೂಕುಗಳನ್ನು ಹಿಂದಕ್ಕೆ ಪಡೆದಾಗ ನನ್ನ ಗಂಡನ ಎರಡನ್ನೂ ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ಟೀಚರಮ್ಮ ಇನ್ನು ಕಳ್ಳರಿಗೆ ಪಾಠ ಹೇಳಿ ಓಡಿಸ್ತಾರೆ ಎಂದು ಬಂದೂಕು ಒಪ್ಪಿಸಲು ನಿಂತ ಸಾಲಿನಲ್ಲಿ ನಕ್ಕವರ ಹೆಸರುಗಳನ್ನು ಇಂದಿಗೂ ಹೇಳಬಲ್ಲೆ. ಆ ಕಾನೂನು ಯಾರಿಗೆ ಹೆದರಿ ಬಂತೆಂದು ನನಗೆ ನೆನಪಿದೆ. ಐವರ್ ಅಂಥವರಿಗೆ ಹೆದರಿ ಅದು ಬರಲಿಲ್ಲ.

2019ರ ಜೂನ್ 11, ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರು ಪೊಲೀಸರು ಬಂದೂಕಿನ ಪೆಟ್ಟಿಗೆಯ ಭದ್ರತೆ ನೋಡಲು ಬಂದರು. ಮೊದಲೇ ತಿಳಿಸಿ ಬಂದದ್ದು. ನಾನು ಅಡುಗೆಮನೆಯಲ್ಲಿ ನೋಲಾ ಅವರೊಂದಿಗೆ ಆಲೂಗಡ್ಡೆ ಹೆರೆಯುತ್ತಿದ್ದೆ. ಐವರ್ ಪಕ್ಕದ ಬಟ್ಟೆ ಒಗೆಯುವ ಕೋಣೆಯಲ್ಲಿ ಪೆಟ್ಟಿಗೆ ತೆರೆದು, ಅವರು ಕೇಳುವ ಮೊದಲೇ ಕೊಳವೆಯನ್ನು ತೋರಿಸಿ, ಅದನ್ನು ಹೇಗೆ ಕಡೆದೆನೆಂದು ವಿವರಿಸಿದರು. ಪೊಲೀಸರಿಬ್ಬರಲ್ಲಿ ಚಿಕ್ಕ ವಯಸ್ಸಿನವರು ಕೆಲಸ ನಾಜೂಕಾಗಿದೆ ಎಂದರು. ಹಿರಿಯ ಕಾನ್‌ಸ್ಟೇಬಲ್, ಇದನ್ನು ಇಟ್ಟುಕೊಂಡದ್ದು ಒಂದು ಅಪರಾಧ, ಮಾಡಿದ್ದು ಇನ್ನೊಂದು, ಠಾಣೆಗೆ ಬರಬೇಕು ಎಂದರು.

ಐವರ್, "ಬರೀ ಗಾಳಿ ಮಾರಾಯ ಇದು. ನಾನೇನು ಬ್ಯಾಂಕ್ ದೋಚೋಕೆ ಮಾಡಿದ್ನಾ?" ಎಂದು ಕೇಳಿದರು.

ಏನು ಶಿಕ್ಷೆಯಾಗಬಹುದು ಎಂದು ನಾನು ಕೇಳಿದೆ. ವರ್ಷಗಟ್ಟಲೆ ಜೈಲಾಗಲೂಬಹುದು, ಅದು ಮ್ಯಾಜಿಸ್ಟ್ರೇಟರಿಗೆ ಬಿಟ್ಟದ್ದು ಎಂದು ಹಿರಿಯ ಕಾನ್‌ಸ್ಟೇಬಲ್ ಹೇಳಿದರು. ನೋಲಾ ಅವರಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು ಎಲ್ಲ ಐವರ್ ಒಬ್ಬರೇ. ಅವರು ಒಳಗೆ ಹೋದರೆ ನೋಲಾ ತೊಂಬತ್ತು ಕಿಲೋಮೀಟರ್ ದೂರದ ಆರೈಕೆ ಮನೆ ಸೇರಬೇಕು, ಅಲ್ಲಿ ಅವರಿಗೆ ಒಂದು ಮುಖವೂ ಗುರುತಿನದಲ್ಲ. ಇದನ್ನು ನಾನು ಆಗಲೇ ಹೇಳಿದೆ. ಬರೆದುಕೊಂಡರೋ ಇಲ್ಲವೋ ತಿಳಿಯದು.

ಐವರ್ ಅವರನ್ನು ಪೊಲೀಸ್ ವಾಹನದ ಹಿಂದಿನ ಸೀಟಿನಲ್ಲಿ ಕೂರಿಸಿದರು. ಬಂದೂಕಿನಲ್ಲಿ ತುಂಬಿದ್ದ ಗಾಳಿಯನ್ನು ಖಾಲಿ ಮಾಡದೆ ಸಾಗಿಸುವಂತಿಲ್ಲ, ಗುಂಡಿಲ್ಲದೆ ಹಾರಿಸಿ ಖಾಲಿ ಮಾಡಬೇಕು ಎಂದು ಹಿರಿಯ ಕಾನ್‌ಸ್ಟೇಬಲ್ ಹೇಳಿದರು. ಕೊಳವೆ ಹಾಕಿಯೇ ಹಾರಿಸಿ, ಇಲ್ಲವಾದರೆ ದಿಬ್ಬದ ಆಚೆಗಾದರೂ ಒಯ್ಯಿರಿ, ಹೆಂಡತಿಗೆ ಕೇಳಿಸಬಾರದು ಎಂದು ಐವರ್ ಎರಡು ಸಲ ಬೇಡಿಕೊಂಡರು. ಕೊಳವೆಯನ್ನು ಸಾಕ್ಷ್ಯವಾಗಿ ಮೊಹರು ಮಾಡಿಯಾಗಿದೆ, ಎರಡು ನಿಮಿಷದ ಕೆಲಸ ಎಂದು ಉತ್ತರ ಬಂತು. ಅಂಗಳದಲ್ಲಿ ನಿಂತಿದ್ದ ನಾನು ಒಳಗೆ ಓಡಿ ಕಿಟಕಿ ಮುಚ್ಚಿ ರೇಡಿಯೋ ಜೋರು ಮಾಡಿದೆ.

ಅಂಗಳದಲ್ಲಿಯೇ ಹಾರಿಸಿದರು. ಒಂದಾದ ಮೇಲೆ ಒಂದು, ಗಾಳಿ ಮುಗಿಯುವವರೆಗೆ.

ಮೊದಲ ಸದ್ದಿಗೇ ನೋಲಾ ಚಾಕು ಕೆಳಗಿಟ್ಟರು. "ರಾಸ್ ಹೊರಗಿದ್ದಾನಾ?" ಎಂದು ನನ್ನನ್ನು ಕೇಳಿದರು. ಮನೆಯ ಚಪ್ಪಲಿಯಲ್ಲೇ ಅವರು ಅಂಗಳಕ್ಕೆ ಹೋದರು. ನಾನು ತೋಳು ಹಿಡಿದುಕೊಂಡೆ. ಜೂನ್ ನಮ್ಮಲ್ಲಿ ಚಳಿಗಾಲ, ಅಂದು ನೆಲದ ಮೇಲೆ ಇನ್ನೂ ಹಿಮ ಇತ್ತು.

ಆ ವಾಹನದ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಕಿಟಕಿ ನಾಲ್ಕು ಬೆರಳಿನಷ್ಟು ಇಳಿದಿತ್ತು. ನೋಲಾ ಅಲ್ಲಿಗೆ ಬಾಯಿ ತಂದು ರಾಸ್ ಎಲ್ಲಿ ಎಂದು ಕೇಳಿದರು. ಐವರ್ ಆ ಸಂದಿಯಿಂದ ಬೆರಳುಗಳನ್ನು ಹೊರಗೆ ಚಾಚಿ ಹೇಳಿದರು: "ರಾಸ್ ಹೋಗ್ಬಿಟ್ಟ ಕಣೇ. ಬೇಲಿ ಹತ್ರ. ಅವನಿಗೆ ನೋವಾಗ್ಲಿಲ್ಲ, ಡಾಕ್ಟರೇ ಹೇಳಿದ್ರು."

ನೋಲಾ ಆ ಬೆರಳುಗಳನ್ನು ಹಿಡಿದುಕೊಂಡು ನಿಂತರು. ಸದ್ದು ಮಾಡಿ ಅಳಲಿಲ್ಲ. ಹಿರಿಯ ಕಾನ್‌ಸ್ಟೇಬಲ್ ಟೋಪಿ ತೆಗೆದರು. ನೋಲಾ ಆ ಕಾನ್‌ಸ್ಟೇಬಲರ ಸಮವಸ್ತ್ರವನ್ನು ನೋಡಿದರು. 1988ರಲ್ಲಿ ಮನೆಗೆ ಸುದ್ದಿ ತಂದವರೂ ಪೊಲೀಸರೇ. ಇವರೂ ಅದಕ್ಕೇ ಬಂದಿದ್ದಾರೆಂದು ನೋಲಾ ತಿಳಿದರು. ನೋಲಾ ಆಗ ಆಡಿದ ಮಾತನ್ನು ಯಥಾವತ್ತಾಗಿ ಬರೆಸುತ್ತಿದ್ದೇನೆ:

"ಇಷ್ಟು ದೂರ ಬಂದು ಹೇಳಿದ್ರಲ್ಲ, ಒಳ್ಳೇದಾಯ್ತು. ನಿಮಗೂ ಕಷ್ಟದ ಕೆಲಸ. ಒಳಗೆ ಬನ್ನಿ, ಚಹಾ ಕುಡ್ಕೊಂಡು ಹೋಗಿ."

ಹಿರಿಯ ಕಾನ್‌ಸ್ಟೇಬಲ್ ಟೋಪಿ ಹಿಡಿದುಕೊಂಡೇ ವಾಹನ ಹತ್ತಿದರು. ಚಿಕ್ಕವರು ವಾಹನ ಚಾಲೂ ಮಾಡಿದರು. ಹತ್ತೂ ಐವತ್ತಕ್ಕೆ ಹೊರಟರು.

ಬರೆದುಕೊಂಡದ್ದನ್ನು ಓದಿ ಹೇಳಿದ ಮೇಲೆ, ಸೇರಿಸುವುದು ಏನಾದರೂ ಇದೆಯೇ ಎಂದು ನನ್ನನ್ನು ಕೇಳಲಾಯಿತು. ಇದೆ. ನೋಲಾ ಒಳಗೆ ಹೋಗಿ ಚಹಾ ಮಾಡಿದರು. ಪೊಲೀಸರಿಗೆಂದು ತುಂಬಿಟ್ಟ ಎರಡು ಕಪ್ಪುಗಳನ್ನು ಸಂಜೆಯವರೆಗೂ ನನಗೆ ಎತ್ತಲು ಬಿಡಲಿಲ್ಲ. ಇದರಲ್ಲಿರುವ ಪ್ರತಿಯೊಂದೂ ನಾನು ತಿಳಿದಂತೆ ಸತ್ಯ. ನ್ಯಾಯಾಲಯದಲ್ಲಿ ಇದನ್ನು ಯಾವ ಭಾಗವನ್ನೂ ಬಿಡದೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಸ್ಥಳ: ವಾಟಲ್ ಗ್ಯಾಪ್ ಪೊಲೀಸ್ ಠಾಣೆ
ದಿನಾಂಕ: ಜೂನ್ 14, 2019
ಸಹಿ: ಲಾರ್ನಾ ಟಕ್‌ವೆಲ್