ಗೆರೆ ದಾಟಿದ ಬೋಟು

ಕೂನೂರಿನ ಬಸ್ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ಅತ್ತೆ, ಸೊಸೆ ನಿಂತಿದ್ದರು. ಸೊಸೆ ಆಗಷ್ಟೇ ವಕೀಲರ ಜೊತೆ ಮಾತಾಡಿ ಫೋನ್ ಇಟ್ಟಿದ್ದಳು.

“ನಮ್ಮ ಸರವಣನಿಗೆ ಏನಂತೆ, ಭವ್ಯಾ?”

“ಲೈಸೆನ್ಸ್ ಇಲ್ಲದೆ ಪರದೇಶದ ಕಡಲಲ್ಲಿ ಟ್ಯೂನಾ ಮೀನು ಹಿಡಿದದ್ದಕ್ಕೆ ಬೋಟು ಜಪ್ತಿಯಂತೆ ಅತ್ತೆ. ಕ್ಯಾಪ್ಟನ್‌ಗೆ ಎರಡು ವರ್ಷ ಜೈಲು.”

“ಕಡಲಿಗೆ ಬೇಲಿ ಇತ್ತಾ?”

“ನಕ್ಷೇಲಿ ಗೆರೆ ಇರುತ್ತೆ.”

“ನಮ್ಮ ಟೀ ತೋಟಕ್ಕಾದರೂ ಕಲ್ಲು ನೆಟ್ಟಿದೀವಿ. ನೀರಲ್ಲಿ ಗೆರೆ ಯಾರಿಗೆ ಕಾಣುತ್ತೆ? ಅವ ಬರೀ ಇಂಜಿನ್ ನೋಡೋನು ಅಂತ ಹೇಳಿದೆಯಾ?”

“ಹೇಳಿದೆ. ಕೆಲಸದವರನ್ನ ಬಿಡ್ತಾರಂತೆ. ಆದರೆ ಇನ್ನೂ ಒಂದು ತಿಂಗಳು ಅಲ್ಲೇ ಇರಬೇಕು.”

“ಊಟಕ್ಕೆ ಏನು ಕೊಡ್ತಾರೆ?”

“ದಿನಾ ಅನ್ನ, ಮೀನು ಸಾರು. ಇವರು ಬರೀ ಅನ್ನ ತಿಂತಾರಂತೆ. ಮೀನು ಮುಟ್ಟಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದೀನಿ ಅಂದ್ರಂತೆ.”

ಅತ್ತೆ ಕೊರಳಿನ ಲಿಂಗವನ್ನು ಸೆರಗಿನ ಮೇಲಿಂದಲೇ ಹಿಡಿದುಕೊಂಡರು. ಅರವಂಕಾಡಿನ ಬಸ್ಸು ಬಂತು. ಸೊಸೆ ಅವರ ಮೊಣಕೈ ಹಿಡಿದಳು.

“ತಿನ್ನಲಿ ಅನ್ನು,” ಎಂದರು ಅತ್ತೆ, ಮೆಟ್ಟಿಲು ಹತ್ತುತ್ತ. “ನಾನೇ ಹೇಳಿದೆ ಅನ್ನು, ಇಲ್ಲದಿದ್ರೆ ಅವ ನಂಬೋದಿಲ್ಲ.”