ಕುಂಬಾರ ಮುದ್ದಯ್ಯನ ಮಲ್ಲಿಗೆ ಕುಂಡ

ಹ್ಞೂಂ ಅನ್ನೋರು ಹತ್ತಿರ ಬನ್ನಿ, ಆಕಳಿಸೋರು ಗೋಡೆಗೆ ಒರಗಿಕೊಳ್ಳಿ. ಕಥೆ ಹೊರಟಿತು.

ಒಂದಾನೊಂದು ಊರು. ಏಳು ಗುಡ್ಡದ ಆಚೆ, ಎಂಟು ಕೆರೆಯ ಈಚೆ. ಆ ಊರಲ್ಲಿ ಮುದ್ದಯ್ಯ ಅಂತ ಒಬ್ಬ ಕುಂಬಾರ. ಅವನ ಮಡಕೆ ಅಂದ್ರೆ ಮಡಕೆ! ಬೆರಳಲ್ಲಿ ತಟ್ಟಿದ್ರೆ ಠಣ್ ಅನ್ನೋದು. ಒಂದು ಸೋರಿತು ಅಂದ್ರೆ ಮಾರ್ತಿರಲಿಲ್ಲ, ಅಲ್ಲೇ ಒಡೆದು ಹಾಕ್ತಿದ್ದ. ಹೆಂಡತಿ ತೀರಿ ಮೂರು ವರ್ಷ. ಬಳೆ ಸದ್ದಿಲ್ಲದ ಮನೆ. ಮಗನಿಗೆ ಮದುವೆ ಮಾಡಿ, ಹೊನ್ನಿ ಅನ್ನೋ ಸೊಸೆಯನ್ನ ತಂದ.

ಸೊಸೆ ಏನು ತಂದಳು? ಚಿನ್ನ ತಂದಳಾ? ಇಲ್ಲ. ರೇಷ್ಮೆ ತಂದಳಾ? ಇಲ್ಲ. ಮೂರು ತೆಂಗಿನ ಕರಟ ತಂದಳು, ಕರಟಕ್ಕೊಂದು ಮಲ್ಲಿಗೆ ಸಸಿ. ಅವಳ ತಾಯಿ ನೆಟ್ಟ ಗಿಡದ ಕಡ್ಡಿಗಳು ಅವು. ತಾಯಿ ತೀರಿಹೋಗಿದ್ದಳು. ಕೊಟ್ಟಿಗೆ ಕಟ್ಟೋಕೆ ಅಂತ ಅಣ್ಣ ಆ ಗಿಡವನ್ನೂ ಕಿತ್ತುಹಾಕಿದ್ದ. ತಾಯಿದು ಅಂತ ಭೂಮಿ ಮೇಲೆ ಉಳಿದದ್ದು ಈ ಮೂರೇ ಸಸಿ.

ಮುದ್ದಯ್ಯನ ಅಂಗಳ ನೋಡಿದ್ರೆ ಬರೀ ಬಂಡೆ. ಹಾರೆ ಹಾಕಿದ್ರೆ ಕಿಡಿ ಹಾರೋದು.

"ಇವನ್ನ ಎಲ್ಲಿ ನೆಡ್ಲಿ ಮಾವಾ?"

"ಕುಂಬಾರನ ಮನೆಗೆ ಬಂದು ಹಂಗೆ ಕೇಳ್ತೀಯಲ್ಲವ್ವಾ! ರಾಣಿ ನೀರು ಕುಡಿಯೋ ಅಂಥ ಕುಂಡ ಮಾಡಿಕೊಡ್ತೀನಿ, ಇರು."

ಮಾಡಿದ. ಮಡಕೆ ಮಾಡೋಕೆ ಅಂತ ತುಳಿದು ಹದ ಮಾಡಿದ್ದ ಬೆಣ್ಣೆಯಂಥ ಜೇಡಿಮಣ್ಣನ್ನೇ ತುಂಬಿ ಒಂದು ಸಸಿ ನೆಟ್ಟ. ಏನಾಯ್ತು? ಮಣ್ಣು ಒಣಗಿ ಕಲ್ಲಾಯ್ತು, ಬೇರು ಹಿಡಿದು ಹಿಸುಕಿತು. ಎಂಟೇ ದಿನ, ಸಸಿ ಹೋಯ್ತು.

ಎರಡನೇ ಕುಂಡಕ್ಕೆ ಹೊಲದ ಮಣ್ಣು ತಂದ. ಬೆಳಿಗ್ಗೆ ಒಂದು ತಂಬಿಗೆ ನೀರು, ಮಧ್ಯಾಹ್ನ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ. ಏನಾಯ್ತು? ಎಲೆ ಹಳದಿಯಾಯ್ತು, ಬೇರು ಕೊಳೆತು ನಾರಿತು. ಪ್ರೀತಿ ಕಮ್ಮಿಯಾಗಿತ್ತಾ ಹೇಳಿ? ಪಾಪ, ಹೆಚ್ಚಾಗಿತ್ತು. ಅತಿಯಾದರೆ ಅಮೃತವೂ ವಿಷ.

ಹೊನ್ನಿ ಬಾಯಿಬಿಟ್ಟು ಅಳಲಿಲ್ಲ. ಸತ್ತ ಸಸಿಯನ್ನ ಸೆರಗಲ್ಲಿ ಸುತ್ತಿಕೊಂಡು ಮಡಕೆ ಸುಡೋ ಆವಿಗೆಯ ಹಿಂದೆ ಹೋಗಿ ಕೂತಳು.

"ಏನಾಯ್ತು ಮಗಾ?"

"ಏನಿಲ್ಲ ಮಾವಾ."

ಮಾರನೇ ದಿನ ಅರ್ಧ ಮುದ್ದೆ ತಟ್ಟೆಯಲ್ಲೇ ಉಳೀತು.

"ಏನಾಯ್ತು ಮಗಾ?"

"ಏನಿಲ್ಲ ಮಾವಾ."

ಮೂರನೇ ದಿನ ಮುದ್ದಯ್ಯ ಕೇಳೋಕೂ ಹೋಗಲಿಲ್ಲ. ಜಗಲಿ ಮೇಲೆ ಕೂತು, ಉಳಿದ ಒಂದೇ ಒಂದು ಕರಟವನ್ನ ನೋಡ್ತಾ ಇದ್ದ. ಹೊನ್ನಿ ಬಂದು ಬೊಗಸೆ ನೀರು ಹಾಕಿದಳು. ನೀರು ಇಳೀತು, ಕರಟದ ಅಡಿಯಿಂದ ತೊಟ್ಟು ತೊಟ್ಟು ಬಿತ್ತು.

"ಇದರ ಕಣ್ಣು ತೆರೆದೈತಲ್ಲ! ಯಾರು ಚುಚ್ಚಿದ್ದು?"

"ನಾನೇ ಮಾವಾ. ಅವ್ವ ಹಂಗೇ ಮಾಡ್ತಿದ್ಲು. ಹೆಚ್ಚಿನ ನೀರು ಹೊರಗೆ ಹೋಗ್ಬೇಕು, ಇಲ್ದಿದ್ರೆ ಬೇರಿಗೆ ಉಸಿರು ಕಟ್ಟುತ್ತೆ ಅನ್ನೋಳು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ಹೊನ್ನಿ ತಲೆ ತಗ್ಗಿಸಿದಳು. "ಕುಂಬಾರರ ಮನೇಲಿ, ನಿನ್ನೆ ಮೊನ್ನೆ ಬಂದ ಸೊಸೆ, ಮಡಕೆಗೆ ತೂತು ಮಾಡಿ ಅಂತ ಹೆಂಗೆ ಬಾಯಿ ಬಿಡ್ಲಿ ಮಾವಾ?"

ಯಾಕೆ ಬಿಡಬಾರದು? ಕೇಳಿ. ತೂತು ಕೊಡ ಬೇಕಾಗೋದು ಒಂದೇ ಕಡೆ, ಮಸಾಣದಲ್ಲಿ. ಮುದ್ದಯ್ಯನ ಹೆಂಡತಿ ಹೋದ ದಿನ, ಅವನೇ ಮಾಡಿದ್ದ ಕೊಡ, ಅವಳೇ ಕೆಮ್ಮಣ್ಣು ಬಳಿದಿದ್ದ ಕೊಡ, ಮಗನ ಹೆಗಲ ಮೇಲಿತ್ತು. ಚಿತೆಗೆ ಒಂದು ಸುತ್ತು ಬಂದ್ರೆ ಒಂದು ತೂತು, ಮೂರು ಸುತ್ತು ಬಂದ್ರೆ ಮೂರು ತೂತು. ಅವತ್ತಿಂದ ತೂತು ಅನ್ನೋ ಮಾತನ್ನೇ ಆ ಮನೇಲಿ ಯಾರೂ ಆಡ್ತಿರಲಿಲ್ಲ.

ಮುದ್ದಯ್ಯ ಎದ್ದ. ಸುಟ್ಟ ಕುಂಡ ಒಂದನ್ನ ಬೋರಲು ಹಾಕಿ ಉಳಿ ಎತ್ತಿದ, ಇಳಿಸಿದ. ಎತ್ತಿದ, ಇಳಿಸಿದ. ಮೂರನೇ ಸಲ ಉಳಿಯನ್ನೇ ಎಸೆದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಆ ನಿಮಿಷ ಅವನ ಕೈಗೆ ಬರಲಿಲ್ಲ.

"ನನ್ ಕೈಲಾಗಲ್ಲ ಕಣವ್ವಾ."

ಆಗ ಹೊನ್ನಿ ಏನಂದಳು ಗೊತ್ತಾ? "ಹೋಗ್ಲಿ ಬಿಡಿ ಮಾವಾ. ಸಸಿ ಉಳಿದ್ರೆ ಉಳೀತು, ಹೋದ್ರೆ ಹೋಯ್ತು. ನೀವು ಕಣ್ಣಲ್ಲಿ ನೀರು ಹಾಕ್ಬೇಡಿ."

ಇದ್ದ ಒಂದೇ ಸಸಿ. ಅದರ ಬೇರು ಆಗಲೇ ಕರಟದ ಕಣ್ಣಿಂದ ಹೊರಗೆ ಇಣುಕ್ತಿತ್ತು, ಇನ್ನು ಅದರೊಳಗೆ ಬಾಳೋ ಹಾಗಿರಲಿಲ್ಲ. ಅದನ್ನೂ ಮಾವನಿಗಾಗಿ ಬಿಟ್ಟುಕೊಟ್ಟಳು ಹುಡುಗಿ! ಮುದ್ದಯ್ಯ ಕಣ್ಣು ಒರೆಸಿಕೊಂಡ. ಹೋಗಿ ಮಣ್ಣು ತುಳಿದ, ತಿಗುರಿ ಚಕ್ರ ತಿರುಗಿಸಿದ. ಹೊಸ ಕುಂಡ ಎದ್ದಿತು.

"ಬಾ ಮಗಾ. ಇದರ ತಳಕ್ಕೆ ನಿನ್ನ ಹೆಬ್ಬೆರಳು ಒತ್ತು."

"ತೂತಾಗುತ್ತೆ ಮಾವಾ!"

"ಮಸಾಣದ ಕೊಡಕ್ಕೆ ಬೆಂದ ಮೇಲೆ ಹೊಡೀತಾರೆ. ಇದು ಹಸೀಲೇ ಬರೋದು, ಹುಟ್ಟುತ್ತಾನೇ ಬರೋದು. ಹುಟ್ಟುತ್ತಾ ಬಂದದ್ದಕ್ಕೆ ತೂತು ಅಂತಾರೇನವ್ವಾ? ಹೊಕ್ಕಳು ಅಂತಾರೆ. ನಂಗೂ ಒಬ್ಬ ತಾಯಿ ಇದ್ದಳು ಅನ್ನೋದಕ್ಕೆ ಗುರುತು ಅದು."

ಹೊನ್ನಿ ಒತ್ತಿದಳು. ಇಷ್ಟು ದಿನ ತಡೆದಿದ್ದ ಅಳು ಆಗ ಬಂತು, ಮಾವ ತಲೆ ಸವರಿದ.

ಕುಂಡ ಒಣಗಿತು, ಬೆಂದಿತು, ಆರಿತು. ಹೊಕ್ಕಳ ಮೇಲೆ ಒಂದು ಓಡಿನ ಚೂರನ್ನ ಬೋರಲು ಇಟ್ಟರು: ನೀರು ಹೋಗಲಿ, ಮಣ್ಣು ಉಳೀಲಿ ಅಂತ. ಎರಡು ಬೊಗಸೆ ಕೆಮ್ಮಣ್ಣಿಗೆ ಒಂದು ಬೊಗಸೆ ಮರಳು, ಒಂದು ಬೊಗಸೆ ಹಳೇ ಗೊಬ್ಬರ. ಕರಟದ ಸಸಿಯನ್ನ ಅದರಲ್ಲಿ ನೆಟ್ಟು, ಬೆಳಗಿನ ಬಿಸಿಲು ಬೀಳೋ ಕಡೆ ಇಟ್ಟರು. ಮುದ್ದಯ್ಯ ತಂಬಿಗೆ ಹಿಡಿದು ಓಡಿ ಬಂದಾಗಲೆಲ್ಲ ಹೊನ್ನಿ ಗದರೋಳು: "ಮೊದ್ಲು ಮಣ್ಣಿಗೆ ಬೆರಳು ಇಟ್ಟು ನೋಡಿ ಮಾವಾ! ತೇವ ಇದ್ರೆ ಸುಮ್ನೆ ಹೋಗಿ!" ಸೊಸೆ ಗದರಿದ್ದು ಕೇಳಿ ಅವನಿಗೆ ಹಬ್ಬದೂಟ ಉಂಡಷ್ಟು ಖುಷಿ.

ಬೇಸಿಗೆ ಬಂತು, ಗಿಡದ ತುಂಬ ಮೊಗ್ಗು. ಹೊನ್ನಿ ಒಂದು ಮೊಳ ಮಾಲೆ ಕಟ್ಟಿದಳು. ಅರ್ಧ ತನ್ನ ಮುಡಿಗೆ ಇಟ್ಟಳು. ಇನ್ನರ್ಧ? ತಾನು ಕಂಡೇ ಇರದ ಅತ್ತೆ ಮಡಕೆ ತಟ್ಟುತ್ತಿದ್ದ ಹಲಗೆಗೆ ಮುಡಿಸಿದಳು. ಮುದ್ದಯ್ಯ ಅದನ್ನ ನೋಡಿ ಚಿಕ್ಕ ಮಗು ಹಾಗೆ ಅತ್ತ.

ಅವತ್ತಿಂದ ಆ ಊರಲ್ಲಿ ಹೂವಿನ ಕುಂಡ ಕೊಳ್ಳೋರು ಅದನ್ನ ಬೋರಲು ಮಾಡಿ ನೋಡಿ ಒಂದೇ ಮಾತು ಕೇಳ್ತಾರೆ: "ಹೊಕ್ಕಳು ಐತೇನಪ್ಪಾ?"

ಅವರು ಅಲ್ಲಿ ಹೂ ಮುಡಿದರು, ನಾವು ಇಲ್ಲಿ ಘಮ ಕುಡಿದೆವು. ಏಳಿ, ಹೋಗಿ ನಿಮ್ಮ ನಿಮ್ಮ ಗಿಡದ ಮಣ್ಣು ಮುಟ್ಟಿ ನೋಡಿ. ಒಣಗಿದ್ರೆ ಮಾತ್ರ ನೀರು ಹಾಕಿ.